ನಂಗಲಿ ದಾಟಿದ ಮೇಲೆ ಸ್ಮಾರ್ಟ್ ರಸ್ತೆ ಏನಾಗುತ್ತೆ

ಫಾಸ್ಟ್ಯಾಗ್, ಕ್ಯಾಮೆರಾ ಚಲನ್, ಕ್ಯಾಶ್‌ಲೆಸ್ ಚಿಕಿತ್ಸೆ ಅಂತ ರಸ್ತೆಗೆ ಸರ್ಕಾರ ತಂದಿರುವ ಸ್ಮಾರ್ಟ್ ವ್ಯವಸ್ಥೆಯಿಂದ ಗಡಿ ಊರಿನವರಿಗೆ ಏನಾದರೂ ಉಪಯೋಗ ಆಗಿದೆಯಾ ಅಂತ ಕೇಳಿದ್ದೀರಿ. ಆಗಿದೆ. ಆದರೆ ಕೇಂದ್ರದಿಂದ ಬಂದದ್ದು ಗಡಿ ದಾಟುತ್ತೆ, ಕರ್ನಾಟಕ, ಆಂಧ್ರ ತಮ್ಮ ಪಾಡಿಗೆ ತಾವು ಮಾಡಿಕೊಂಡದ್ದು ಗಡಿಯ ನಂಗಲಿಗೆ ಬಂದು ನಿಂತುಬಿಡುತ್ತೆ. ನಮ್ಮ ತೊಂದರೆ ಇರುವುದೇ ಅಲ್ಲಿ.

ನಮ್ಮದು ಕೋಲಾರ ಜಿಲ್ಲೆಯ ಮುಳಬಾಗಿಲು ತಾಲ್ಲೂಕು. ನಂಗಲಿ ಆಚೆಗೆ ಆಂಧ್ರ. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು, ಹೆಣ್ಣು ಕೊಟ್ಟು ತಂದಿರುವುದೆಲ್ಲ ಪಲಮನೇರು, ಪುಂಗನೂರು, ವಿ. ಕೋಟ ಕಡೆ. ಆ ಕಡೆಯ ಟೊಮೆಟೊ ಕೋಲಾರದ ಮಂಡಿಗೆ ಬರುತ್ತೆ, ರೇಟು ನೋಡಿಕೊಂಡು ನಮ್ಮ ಮಾಲು ಆ ಕಡೆಗೂ ಹೋಗುತ್ತೆ.

ಮೊದಲು ಗಡಿಯಲ್ಲಿ ತೆರಿಗೆ ಚೆಕ್‌ಪೋಸ್ಟ್ ಮುಂದೆ ಲಾರಿಗಳು ಸಾಲುಗಟ್ಟಿ ನಿಲ್ಲುತ್ತಿದ್ದವು. 2017ರ ಜುಲೈನಲ್ಲಿ ಜಿಎಸ್‌ಟಿ ಬಂದು ಅದು ಹೋಯಿತು. 2018ರ ಏಪ್ರಿಲ್‌ನಿಂದ ಇ-ವೇ ಬಿಲ್, ಅಂದರೆ ಮಾಲು ಸಾಗಿಸಲು ಆನ್‌ಲೈನ್‌ನಲ್ಲೇ ಮಾಡಿಕೊಳ್ಳುವ ಬಿಲ್, ಬಂತು, ಹಸಿ ತರಕಾರಿಗೆ ಅದೂ ಬೇಕಿಲ್ಲ. 2021ರ ಫೆಬ್ರುವರಿಯಿಂದ ರಾಷ್ಟ್ರೀಯ ಹೆದ್ದಾರಿಯ ಟೋಲ್‌ನಲ್ಲಿ ಎಲ್ಲರಿಗೂ ಫಾಸ್ಟ್ಯಾಗ್ ಕಡ್ಡಾಯ. ಮೊಬೈಲಿನ ಡಿಜಿಲಾಕರ್ ಆ್ಯಪ್‌ನಲ್ಲಿರುವ ಡಿಎಲ್, ಆರ್‌ಸಿ 2018ರಿಂದಲೇ ದೇಶದಲ್ಲೆಲ್ಲ ನಡೆಯುತ್ತೆ. ಟೊಮೆಟೊ ಬಾಕ್ಸ್ ತುಂಬಿಕೊಂಡು ಬೆಳಗಿನ ಜಾವ ಹೊರಡುವ ಪಿಕಪ್ ಡ್ರೈವರ್‌ಗೆ ಇದು ಸಣ್ಣ ವಿಷಯ ಅಲ್ಲ. ಹರಾಜಿಗೆ ತಡವಾದರೆ ರೇಟು ಬಿದ್ದಿರುತ್ತೆ. ಕಾರಿನವರಿಗೆ 200 ಟ್ರಿಪ್‌ನ ವಾರ್ಷಿಕ ಟೋಲ್ ಪಾಸ್ 2025ರ ಆಗಸ್ಟ್‌ನಲ್ಲಿ 3,000 ರೂಪಾಯಿಗೆ ಶುರುವಾಯಿತು, ಆದರೆ ಬಾಡಿಗೆಗೆ ಓಡುವ ಹಳದಿ ಬೋರ್ಡ್ ಗಾಡಿಗೆ ಅದು ಸಿಗುವುದಿಲ್ಲ. ದಿನಾ ಓಡಾಡುವವರು ಅವರೇ ತಾನೆ?

ಟೋಲ್ ಗೇಟು ತಾನಾಗಿ ತೆರೆದರೂ ಮಾಲು ಒಳಗೆ ಹೋಗುತ್ತೆ ಅನ್ನುವ ಗ್ಯಾರಂಟಿ ಇಲ್ಲ. 2025ರ ಜೂನ್‌ನಲ್ಲಿ ಚಿತ್ತೂರು ಜಿಲ್ಲಾಡಳಿತ ಹೊರರಾಜ್ಯದ ತೋತಾಪುರಿ ಮಾವು ಬರಬಾರದು ಅಂತ ಆದೇಶ ಮಾಡಿತು. ನಮ್ಮ ಜಿಲ್ಲೆಯ ಶ್ರೀನಿವಾಸಪುರದ ರೈತರು ಸುಗ್ಗಿಯ ಹೊತ್ತಲ್ಲಿ ತಲೆ ಮೇಲೆ ಕೈ ಹೊತ್ತು ಕೂರಬೇಕಾಯಿತು, ಯಾಕೆಂದರೆ ಮಾವಿನ ತಿರುಳು ತೆಗೆಯುವ ಪಲ್ಪ್ ಫ್ಯಾಕ್ಟರಿಗಳು ಜಾಸ್ತಿ ಇರುವುದು ಚಿತ್ತೂರು ಕಡೆಯೇ.

ಇನ್ನು ಗಾಡಿಗಳ ಕಥೆ. ನಮ್ಮ ಕಡೆ ಆಂಧ್ರದ ನಂಬರಿನ ಸೆಕೆಂಡ್ ಹ್ಯಾಂಡ್ ಬೈಕು, ಕಾರು ತುಂಬಾ ಇವೆ. ಬೇರೆ ರಾಜ್ಯದಲ್ಲಿ 12 ತಿಂಗಳಿಗಿಂತ ಹೆಚ್ಚು ಇಟ್ಟುಕೊಂಡರೆ ಅಲ್ಲಿಯ ನಂಬರ್ ಮಾಡಿಸಬೇಕು. ಅದಕ್ಕೆ ಹಳೆ ಆರ್‌ಟಿಒದಿಂದ ಎನ್‌ಒಸಿ (ಆಕ್ಷೇಪಣೆ ಇಲ್ಲ ಅನ್ನುವ ಪತ್ರ) ತರಬೇಕು, ಮತ್ತೆ ಕರ್ನಾಟಕದ ಲೈಫ್ ಟ್ಯಾಕ್ಸ್ ಕಟ್ಟಬೇಕು. ಆ ದುಡ್ಡಿಗೆ ಹೆದರಿ ಎಷ್ಟೋ ಜನ ಗಾಡಿಯನ್ನು ತಮ್ಮ ಹೆಸರಿಗೆ ಮಾಡಿಸಿಕೊಳ್ಳುವುದೇ ಇಲ್ಲ. ಈಗ ಕ್ಯಾಮೆರಾ ಫೋಟೋ ಹೊಡೆದರೆ ಚಲನ್ ಮೆಸೇಜ್ ಹೋಗುವುದು ಪಲಮನೇರಿನಲ್ಲಿರುವ ಹಳೆ ಓನರ್ ಫೋನಿಗೆ. ನೋಟಿಸು ಇಂತಿಷ್ಟು ದಿನದೊಳಗೆ ತಲುಪಬೇಕು ಅಂತ ಕೇಂದ್ರದ ನಿಯಮ ಇದೆ, ಆದರೆ ಗಾಡಿ ಓಡಿಸುವವನಿಗೆ ಸುದ್ದಿಯೇ ಇರುವುದಿಲ್ಲ. ಗಾಡಿ ಕೊಳ್ಳುವಾಗ ಹೆಸರು, ಮೊಬೈಲ್ ನಂಬರ್ ಎರಡೂ ಬದಲಾಯಿಸಿಕೊಳ್ಳಿ ಅಂತ ನಾನು ಸಿಕ್ಕಸಿಕ್ಕವರಿಗೆಲ್ಲ ಹೇಳುತ್ತಿರುತ್ತೇನೆ.

ಬಸ್ಸಿನದು ಬೇರೆಯೇ ಸಂಕಟ. ನಮ್ಮ ಶಕ್ತಿ ಯೋಜನೆ ಶುರುವಾದದ್ದು 2023ರ ಜೂನ್ 11ಕ್ಕೆ, ಆಂಧ್ರದ ಸ್ತ್ರೀಶಕ್ತಿ 2025ರ ಆಗಸ್ಟ್ 15ಕ್ಕೆ. ಎರಡೂ ಕಡೆ ಹೆಂಗಸರಿಗೆ ಫ್ರೀ, ಆದರೆ ಅವರವರ ರಾಜ್ಯದ ಅಡ್ರೆಸ್ ಇರುವ ಗುರುತಿನ ಚೀಟಿ ಬೇಕು. ಪಲಮನೇರಿಗೆ ಮಗಳನ್ನು ಕೊಟ್ಟಿರುವ ನಮ್ಮೂರಿನ ಅಮ್ಮ ನಂಗಲಿ ತನಕ ಶೂನ್ಯ ಟಿಕೆಟ್ ಹಿಡಿದು ಹೋಗುತ್ತಾರೆ. ಅಲ್ಲಿಂದ ಮುಂದೆ ಆಂಧ್ರದ ಬಸ್ಸು ಹತ್ತಿದರೆ ದುಡ್ಡು. ಆ ಮಗಳು ತವರಿಗೆ ಬರುವಾಗಲೂ ಇದೇ ಪಾಡು. ಕಂಡಕ್ಟರ್ ಮೇಲೆ ಸಿಟ್ಟಾಗಿ ಏನು ಪ್ರಯೋಜನ? ಎರಡು ಸಾರಿಗೆ ಸಂಸ್ಥೆಗಳೂ ಟಿಕೆಟ್ ಕೊಡುವುದು ಮಷಿನ್‌ನಲ್ಲೇ, ಲೆಕ್ಕವೂ ಅದರಲ್ಲೇ ಇರುತ್ತೆ. ಗಡಿ ತಾಲ್ಲೂಕುಗಳಿಗೆ ಮಾತ್ರ ಒಂದು ಒಪ್ಪಂದ ಮಾಡಿಕೊಳ್ಳಬಹುದಲ್ವಾ?

ಎಲ್ಲಕ್ಕಿಂತ ನನಗೆ ಮುಖ್ಯ ಅನ್ನಿಸುವುದು ಅಪಘಾತದ ವಿಷಯ. 2025ರ ಮೇ ತಿಂಗಳಿಂದ ರಸ್ತೆ ಅಪಘಾತದಲ್ಲಿ ಗಾಯವಾದವರಿಗೆ ಒಂದೂವರೆ ಲಕ್ಷ ರೂಪಾಯಿ ತನಕ, ಏಳು ದಿನ, ಕ್ಯಾಶ್‌ಲೆಸ್ ಚಿಕಿತ್ಸೆ ಇದೆ. ಯಾವ ರಾಜ್ಯದವರು, ಯಾವ ರಸ್ತೆ ಅನ್ನುವ ಭೇದ ಇಲ್ಲ. ಪೊಲೀಸರ ಆನ್‌ಲೈನ್ ದಾಖಲೆಗೂ ಆಸ್ಪತ್ರೆ ಬಿಲ್ಲಿಗೂ ಅಲ್ಲೇ ಲಿಂಕ್ ಆಗುತ್ತೆ. ಗಡಿಯವರಿಗೆ ಇದು ಜೀವ ಉಳಿಸುವ ಕೆಲಸ. ಕೋಲಾರದ ಹತ್ತಿರ ಬಿದ್ದರೆ ಟಮಕದ ಮೆಡಿಕಲ್ ಕಾಲೇಜು, ಕಾಮಸಮುದ್ರದ ಕಡೆ ಬಿದ್ದರೆ ಆಂಧ್ರದ ಕುಪ್ಪಂ ಆಸ್ಪತ್ರೆಯೇ ಹತ್ತಿರ. ಯಾವುದು ಹತ್ತಿರವೋ ಅಲ್ಲಿಗೆ ಹೋಗಬೇಕು. ಆದರೆ ಎಷ್ಟೋ ಜನಕ್ಕೆ ಇದು ಗೊತ್ತೇ ಇಲ್ಲ, ಈಗಲೂ ಮೊದಲು ದುಡ್ಡು ಹೊಂದಿಸಲು ಓಡುತ್ತಾರೆ. ಬೆಂಗಳೂರು-ಚೆನ್ನೈ ಎಕ್ಸ್‌ಪ್ರೆಸ್‌ವೇ ಮಾಲೂರು, ಬಂಗಾರಪೇಟೆ ಮೇಲೆ ಬೇತಮಂಗಲದವರೆಗೆ ತೆರೆದಿದೆ, ಅಲ್ಲಿ ಗಾಡಿಗಳ ವೇಗ ನೋಡಿದರೆ ಭಯ ಆಗುತ್ತೆ. ಟೋಲ್ ದರದ ಬೋರ್ಡ್ ಎಷ್ಟು ದೊಡ್ಡದಾಗಿದೆಯೋ ಅಷ್ಟೇ ದೊಡ್ಡದಾಗಿ ಈ ಚಿಕಿತ್ಸೆ ಯೋಜನೆ ಮತ್ತು ತುರ್ತು ಸಹಾಯದ 112 ನಂಬರನ್ನೂ ಕನ್ನಡ, ತೆಲುಗು ಎರಡರಲ್ಲೂ ಬರೆಸಿ ಅಂತ ನಾವು ಕೇಳುತ್ತಿರುವುದು. ನೀವು ಈ ಕಡೆ ಬರುವಾಗ ಜೊತೆಯವರಿಗೂ ಇದನ್ನು ಹೇಳಿಟ್ಟಿರಿ.