ಮೊಬೈಲ್ ಕಾಲ್ ಅಗ್ಗ ಆಗಿದ್ದು ಟೆಕ್ನಾಲಜಿಯಿಂದನೋ, ಸರ್ಕಾರದ ಪಾಲಿಸಿಯಿಂದನೋ?

ಎರಡೂ ಅದಾವ್ರಿ, ಆದ್ರ ಪಾಲಿಸಿದ್ದ ದೊಡ್ಡ ಕೈ. 1994ರ ಟೆಲಿಕಾಂ ಪಾಲಿಸಿ ಪ್ರೈವೇಟ್ ಕಂಪನಿಗೋಳ್ನ ಒಳಗ ಬಿಟ್ಕೊಂತು ಖರೆ, ಆದ್ರ ಲೈಸೆನ್ಸಿಗೆ ಅವ್ರು ಮಿತಿಮೀರಿ ಬಿಡ್ ಮಾಡಿ ಆಮ್ಯಾಲೆ ವರ್ಷಾ ವರ್ಷಾ ಫಿಕ್ಸ್ ಫೀ ಕಟ್ಟಲಾರ್ದ ಕುಂತ್ರು, ಆಗ ನಿಮಿಷಕ್ಕ 16 ರೂಪಾಯಿ ತನಕ ಇತ್ತು, ಬಂದ ಕಾಲ್‌ಗೂ ರೊಕ್ಕ! 1997ರಾಗ ಟ್ರಾಯ್, ಅಂದ್ರ ಟೆಲಿಕಾಂ ಕಂಪನಿಗಳ ಮ್ಯಾಲೆ ಕಣ್ಣಿಡೋ ಸರ್ಕಾರಿ ಸಂಸ್ಥೆ, ಬಂತು. ಖರೇ ತಿರುವು ಅಂದ್ರ 1999ರ ಪಾಲಿಸಿ, ಫಿಕ್ಸ್ ಫೀ ತಗದು ಗಳಿಸಿದ್ರಾಗ ಪಾಲು ಕೊಡ್ರಿ ಅಂದ್ರು, ನಮ್ಮ ಕಡೆ ಹೊಲಾ ಲಾವಣಿ (ವರ್ಷಕ್ಕ ಇಷ್ಟು ಅಂತ ಗುತ್ತಿಗೆ) ಬಿಟ್ಟು ಪಾಲಿಗೆ ಹಾಕಿದಂಗ. 2003ರಾಗ ಇನ್‌ಕಮಿಂಗ್ ಫ್ರೀ ಆತು, ಆಮ್ಯಾಲೆನ ಹುಬ್ಬಳ್ಳಿ ಎಪಿಎಂಸಿ ಹಮಾಲರ ಕೈಯಾಗೂ ಫೋನ್ ಬಂತು.

ಹಳ್ಳಿದು ಮಾತ್ರ ಇನ್ನೂ ಭಾಳ ಬಾಕಿ ಐತಿ. ಕಂಪನಿಗಳ ಆದಾಯದಾಗ 5 ಪರ್ಸೆಂಟ್ ಹಳ್ಳಿಗೆ ಫೋನ್, ಇಂಟರ್ನೆಟ್ ಮುಟ್ಟಿಸಾಕಂತನ ಸರ್ಕಾರ ತಗೋತೈತಿ, ಆ ಫಂಡಿನಿಂದನ ಭಾರತ್‌ನೆಟ್ ಅನ್ನೋ ಸರ್ಕಾರಿ ಯೋಜನೆಯ ಇಂಟರ್ನೆಟ್ ಫೈಬರ್ ಪಂಚಾಯ್ತಿಗೆ ಬಂದೈತಿ, ಆದ್ರ ಗದಗ ಕಡೆ ನಾ ನೋಡಿದ ಒಂದ್ ಪಂಚಾಯ್ತಿಯೊಳಗ ಆ ಫೈಬರಿನ ಡಬ್ಬಿ ಮ್ಯಾಲೆ ಧೂಳು ಕುಂತಿತ್ತು, ಬ್ಯಾಟರಿ ಸತ್ತಿತ್ತು, ಆಪರೇಟರ್ ಹುಡುಗ ತನ್ನ ಮೊಬೈಲ್ ಹಾಟ್‌ಸ್ಪಾಟ್ ಹಚ್ಚಿ ರೈತರಿಗೆ ಪಹಣಿ ತಗದು ಕೊಡಾಕತ್ತಿದ್ದ. ಕೇಬಲ್ ಎಳದಿದ್ದಕ್ಕ ಬಿಲ್ ಕೊಡೂದಲ್ರಿ, ಲೈನ್ ಚಾಲೂ ಇದ್ದ ದಿನಕ್ಕಷ್ಟ ರೊಕ್ಕ ಅಂತ ರೂಲ್ ಮಾಡ್ಬೇಕು.