ತರಂಗಾಂತರ ಹರಾಜು: ಹೊರೆ ಯಾರ ಮೇಲೆ?

ಪ್ರಶ್ನೆ: ತರಂಗಾಂತರ (ಮೊಬೈಲ್ ಸೇವೆಗೆ ಬಳಸುವ ರೇಡಿಯೊ ಅಲೆಗಳು) ಹರಾಜಿನಲ್ಲಿ ಕಂಪನಿಗಳು ಸುರಿಯುವ ಹಣವನ್ನು ಕೊನೆಗೆ ಗ್ರಾಹಕರಿಂದಲೇ ವಸೂಲಿ ಮಾಡುತ್ತವಲ್ಲವೇ? ಅರ್ಹರಿಗೆ ನೇರವಾಗಿ ಹಂಚಿದರೆ ದರ ಇಳಿಯುವುದಿಲ್ಲವೇ?

ಉತ್ತರ: ಇಳಿಯಲೇಬೇಕೆಂದಿಲ್ಲ. ಹರಾಜಿನ ಮೊತ್ತ ಒಮ್ಮೆ ಕಟ್ಟಿದ ಮೇಲೆ ಮರಳಿ ಬಾರದ ಖರ್ಚು. ದರ ನಿಲ್ಲುವುದು ಪೈಪೋಟಿಯ ಮೇಲೆ. ಪುಕ್ಕಟೆ ಪಡೆದವರೂ ಮಾರುಕಟ್ಟೆ ತಾಳುವಷ್ಟು ದರವನ್ನೇ ಹಾಕುತ್ತಾರೆ. ವರಮಾನದ ಇಂತಿಷ್ಟು ಪಾಲೆಂದು ವರ್ಷವರ್ಷ ಕಟ್ಟುವ ಶುಲ್ಕದ ಮಾತು ಬೇರೆ, ಅದು ದರಕ್ಕೆ ಸೇರಿಕೊಳ್ಳುತ್ತದೆ. ಅಮೆರಿಕದಲ್ಲಿ 1980ರ ದಶಕದಲ್ಲಿ ಲಾಟರಿ ಎತ್ತಿ ಪರವಾನಗಿ ಹಂಚಿದಾಗ, ಗೆದ್ದ ಹಲವರು ಅದನ್ನು ಮಾರಿ ಲಾಭ ಮಾಡಿಕೊಂಡರು. ಲಾಭ ಸರ್ಕಾರಕ್ಕೂ ಇಲ್ಲ, ಗ್ರಾಹಕರಿಗೂ ಇಲ್ಲ! ಅಲ್ಲಿ ಹರಾಜು ಶುರುವಾದದ್ದು 1994ರಲ್ಲಿ.

ಅತಿಯಾದ ಬಿಡ್‌ನ ಪೆಟ್ಟು ಬೀಳುವುದು ಹೂಡಿಕೆಯ ಮೇಲೆ. ಸಾಲ ಬೆಳೆದರೆ ಟವರ್ ಕೆಲಸ ಹಿಂದೆ ಬೀಳುತ್ತದೆ. 2000ರ 3ಜಿ ಹರಾಜಿನಲ್ಲಿ ಜರ್ಮನಿಗೆ ಸುಮಾರು 5,000 ಕೋಟಿ ಯೂರೊ ಬಂತು. ಆದರೆ ಗೆದ್ದ ಆರು ಕಂಪನಿಗಳಲ್ಲಿ ಎರಡು ಆ ಸೇವೆಯನ್ನೇ ಆರಂಭಿಸದೆ ಹಿಂದೆ ಸರಿದವು.

ಹರಾಜಿನ ನಿಯಮ ಬರೆಯುವಾಗಲೇ ಅರ್ಧ ಫಲಿತಾಂಶ ನಿರ್ಧಾರವಾಗಿರುತ್ತದೆ. ಮೂಲಬೆಲೆ (ಬಿಡ್‌ಗೆ ಇಡುವ ಕನಿಷ್ಠ ಬೆಲೆ) ತೀರಾ ಏರಿಸಿದರೆ ತರಂಗಾಂತರ ಮಾರಾಟವಾಗದೆ ಉಳಿಯುತ್ತದೆ: ಭಾರತದಲ್ಲಿ 2016ರಲ್ಲಿ 700 ಮೆಗಾಹರ್ಟ್ಸ್ ಬ್ಯಾಂಡ್‌ಗೆ ಒಂದೂ ಬಿಡ್ ಬರಲಿಲ್ಲ. ಮೂಲಬೆಲೆಯೇ ಇಲ್ಲದಿದ್ದರೂ ಕಷ್ಟ. ಎರಡನೇ ಅತಿ ಹೆಚ್ಚಿನ ಬಿಡ್‌ನಷ್ಟು ಕೊಟ್ಟರೆ ಸಾಕೆಂಬ ನಿಯಮವಿದ್ದ ನ್ಯೂಜಿಲೆಂಡ್‌ನಲ್ಲಿ, 1 ಲಕ್ಷ ಡಾಲರ್ ಕೂಗಿದ ಕಂಪನಿಯೊಂದು ಕಟ್ಟಿದ್ದು ಕೇವಲ 6 ಡಾಲರ್. ಒಬ್ಬರೇ ಎಲ್ಲವನ್ನೂ ಬಾಚಿಕೊಳ್ಳದಂತೆ ಪ್ರತಿ ಕಂಪನಿಗೆ ಮಿತಿ ಹಾಕುವುದು, ಇಷ್ಟು ವರ್ಷದೊಳಗೆ ಇಷ್ಟು ಪ್ರದೇಶಕ್ಕೆ ಸೇವೆ ತಲುಪಿಸಬೇಕೆಂಬ ಷರತ್ತು ಇಡುವುದು, ಇವೆರಡೂ ಬೊಕ್ಕಸದ ಆದಾಯವನ್ನು ತಗ್ಗಿಸಬಹುದು. ಆದರೂ ಬಿಡಬಾರದು.