ಕಣ್ಣು ಬಲಕ್ಕೆ ಹೋದರೆ ಸುಳ್ಳಾ?

ದಾವಣಗೆರೆಯ ಓದುಗರೊಬ್ಬರು ನಾಲ್ಕು ಪುಟದ ಪತ್ರ ಬರೆದಿದ್ದಾರೆ. ಅದರ ಸಾರ ಇಷ್ಟು: "ನಮ್ಮ ಯಜಮಾನರದ್ದು ಹಾರ್ಡ್‌ವೇರ್ ಅಂಗಡಿ. ಎರಡು ತಿಂಗಳ ಹಿಂದೆ 28 ಸಾವಿರ ಕಟ್ಟಿ ಮೂರು ದಿನದ ಎನ್‌ಎಲ್‌ಪಿ ಶಿಬಿರಕ್ಕೆ ಹೋಗಿ ಬಂದರು. ಅವತ್ತಿನಿಂದ 'ಸೋಲು ಅನ್ನೋದೇ ಇಲ್ಲ, ಎಲ್ಲಾ ಫೀಡ್‌ಬ್ಯಾಕ್' ಅಂತಾರೆ. ನನಗೆ ಬೇಜಾರಾದರೆ 'ನಿನಗೆ ಬೇಕಾದ್ದೆಲ್ಲ ನಿನ್ನೊಳಗೇ ಇದೆ' ಅಂತಾರೆ. ಮೊನ್ನೆ ಚೀಟಿ ದುಡ್ಡು ಇನ್ನೂ ಬಂದಿಲ್ಲ ಅಂದೆ. 'ಸುಳ್ಳು, ನಿನ್ನ ಕಣ್ಣು ಬಲಕ್ಕೆ ಮೇಲೆ ಹೋಯ್ತು' ಅಂದರು. ಆ ಕಡೆ ಗೋಡೆ ಗಡಿಯಾರ ಇದೆ ಸ್ವಾಮಿ, ಮಗನನ್ನು ಟ್ಯೂಷನ್‌ಗೆ ಕಳಿಸೋ ಹೊತ್ತಾಗಿತ್ತು! ಈಗ ಎರಡನೇ ಹಂತಕ್ಕೆ 85 ಸಾವಿರ ಕೇಳ್ತಿದ್ದಾರೆ. 15ನೇ ತಾರೀಕಿನೊಳಗೆ ಕಟ್ಟಿದರೆ ರಿಯಾಯಿತಿಯಂತೆ. ಇದರಲ್ಲಿ ಸತ್ಯ ಎಷ್ಟು?"

ಗಡಿಯಾರದ ವಿಷಯ ಓದಿ ಕಚೇರಿಯಲ್ಲಿ ಎಲ್ಲರೂ ನಕ್ಕೆವು, ಕ್ಷಮಿಸಿ ಮೇಡಂ. ನಗುವ ವಿಷಯವಲ್ಲ ಅಂತ ಗೊತ್ತು. ನಾನೂ ಒಂದು ಕಾಲದಲ್ಲಿ ಇಂಥದ್ದೇ ಶಿಬಿರದಲ್ಲಿ ಎರಡು ದಿನ ಕೂತು ಬಂದವನು. ಹೋಟೆಲ್ ಹಾಲ್, ಜೋರಾದ ಹಾಡು, ಮಧ್ಯೆ ಮಧ್ಯೆ ಎದ್ದು ಚಪ್ಪಾಳೆ. ಪಕ್ಕದಲ್ಲಿ ಕೂತ ಅಪರಿಚಿತರ ಉಸಿರಿಗೆ ನನ್ನ ಉಸಿರು ಹೊಂದಿಸಬೇಕಿತ್ತು. ಆ ಮನುಷ್ಯರಿಗೆ ನೆಗಡಿ. ಎರಡು ನಿಮಿಷದಲ್ಲಿ ನನಗೇ ಉಸಿರುಕಟ್ಟಿತು.

ಆದರೂ ಅಲ್ಲಿಂದ ಬರಿಗೈಲಿ ಬರಲಿಲ್ಲ. ಹಾಗಾಗಿ "ಎಲ್ಲಾ ಬೋಗಸ್" ಅಂತ ಒಂದೇ ಮಾತಲ್ಲಿ ಮುಗಿಸೋಕೆ ಮನಸ್ಸಿಲ್ಲ.

ಎನ್‌ಎಲ್‌ಪಿ ಅಂದರೆ ನ್ಯೂರೋ-ಲಿಂಗ್ವಿಸ್ಟಿಕ್ ಪ್ರೋಗ್ರಾಮಿಂಗ್. ಮಾತು, ಯೋಚನೆಯ ರೀತಿ ಬದಲಿಸಿ ನಡವಳಿಕೆಯನ್ನೂ ಬದಲಿಸಬಹುದು ಅನ್ನುವ ಪದ್ಧತಿ. ಹುಟ್ಟಿದ್ದು 1970ರ ದಶಕದಲ್ಲಿ, ಅಮೆರಿಕದ ಕ್ಯಾಲಿಫೋರ್ನಿಯಾದ ಸಾಂತಾ ಕ್ರೂಜ್ ವಿಶ್ವವಿದ್ಯಾಲಯದ ಆಸುಪಾಸಿನಲ್ಲಿ. ರಿಚರ್ಡ್ ಬ್ಯಾಂಡ್ಲರ್ ಆಗಿನ್ನೂ ವಿದ್ಯಾರ್ಥಿ. ಜಾನ್ ಗ್ರಿಂಡರ್ ಭಾಷಾಶಾಸ್ತ್ರದ ಮೇಷ್ಟ್ರು. ಮನಸ್ಸಿನ ತೊಂದರೆ ಇದ್ದವರ ಜೊತೆ ಮಾತಾಡಿ ಬದಲಾವಣೆ ತರುವುದರಲ್ಲಿ ಹೆಸರಾದ ಮೂವರನ್ನು ಇವರು ಹಿಡಿದುಕೊಂಡರು: ಫ್ರಿಟ್ಜ್ ಪರ್ಲ್ಸ್, ವರ್ಜೀನಿಯಾ ಸಟೀರ್, ಮಿಲ್ಟನ್ ಎರಿಕ್‌ಸನ್. ಈ ಮೂವರು ಏನು ಮಾತಾಡ್ತಾರೆ, ಯಾವ ಪ್ರಶ್ನೆ ಕೇಳ್ತಾರೆ, ಅದನ್ನು ನಾವೂ ಕಲಿಯಬಹುದಾ ಅಂತ ನೋಡಿದರು. 1975ರಲ್ಲಿ ಮೊದಲ ಪುಸ್ತಕ ಬಂತು. ನಿಮ್ಮ ಯಜಮಾನರು ಮನೆಗೆ ತಂದ ಮಾತುಗಳೆಲ್ಲ ಈ ಕೆಲಸದಿಂದ ಬೆಳೆದ ಪಟ್ಟಿಯವು.

ಎನ್‌ಎಲ್‌ಪಿಯವರು ಈ ಪಟ್ಟಿಯನ್ನು 'ಸತ್ಯಗಳು' ಅಂತ ಕರೆಯುವುದಿಲ್ಲ, 'ಪ್ರಿಸಪೊಸಿಷನ್' ಅಂತಾರೆ. ಅಂದರೆ ಸದ್ಯಕ್ಕೆ ಹೀಗೆ ಅಂದುಕೊಂಡು ಮುಂದೆ ಹೋಗೋಣ ಅಂತ. ಲೆಕ್ಕದ ಮೇಷ್ಟ್ರು ಬೋರ್ಡಿನ ಮೇಲೆ 'ಎಕ್ಸ್ ಎಂದಿರಲಿ' ಅಂತ ಬರೆಯುತ್ತಿದ್ದರಲ್ಲ, ಹಾಗೆ. ಎಕ್ಸ್ ನಿಜವಾಗಿ ಇದೆಯಾ ಅಂತ ಯಾರೂ ಕೇಳುತ್ತಿರಲಿಲ್ಲ. ಲೆಕ್ಕ ಬಿಡಿಸೋಕೆ ಅನುಕೂಲ, ಅಷ್ಟೇ. ಶಿಬಿರದ ಹಾಲ್‌ನಲ್ಲಿ ಈ 'ಎಂದಿರಲಿ' ಕಳಚಿಹೋಗುತ್ತದೆ. ಊಟದ ಹೊತ್ತಿಗೆ ಎಲ್ಲವೂ ವೇದವಾಕ್ಯ.

ಇನ್ನೊಂದು ವಿಷಯ ನನಗೆ ಹೊಳೆದದ್ದು ಎಷ್ಟೋ ವರ್ಷ ಆದಮೇಲೆ. ಕೋಣೆಯಲ್ಲಿ ಎರಡು ಕುರ್ಚಿ ಇವೆ ಅಂತಿಟ್ಟುಕೊಳ್ಳಿ. ಒಂದರಲ್ಲಿ ಕಷ್ಟ ಹೇಳಿಕೊಳ್ಳಲು ಬಂದವರು, ಇನ್ನೊಂದರಲ್ಲಿ ಕೇಳಿಸಿಕೊಂಡು ದಾರಿ ತೋರಿಸುವವರು. ಪಟ್ಟಿಯಲ್ಲಿರುವ ಹೆಚ್ಚಿನ ಮಾತುಗಳು ಎರಡನೇ ಕುರ್ಚಿಯವರು ತಮಗೆ ತಾವೇ ಹೇಳಿಕೊಳ್ಳಬೇಕಾದವು. ಅವನ್ನು ತಿರುಗಿಸಿ ಎದುರಿನವರ ಮೇಲೆ ಎಸೆದರೆ ಅರ್ಥವೇ ಉಲ್ಟಾ ಆಗುತ್ತದೆ.

'ಬೇಕಾದ್ದೆಲ್ಲ ನಿನ್ನೊಳಗೇ ಇದೆ' ಅನ್ನೋದನ್ನೇ ನೋಡಿ. ಎರಿಕ್‌ಸನ್ ಹೇಳುತ್ತಿದ್ದ ಒಂದು ಪ್ರಸಂಗ ಇದೆ. ಈತ 17ನೇ ವಯಸ್ಸಿನಲ್ಲಿ ಪೋಲಿಯೋ ಬಂದು ಪೂರ್ತಿ ಹಾಸಿಗೆ ಹಿಡಿದಿದ್ದವರು. ಮನೆಯಲ್ಲಿ ನಡೆಯಲು ಕಲಿಯುತ್ತಿದ್ದ ಪುಟ್ಟ ತಂಗಿಯನ್ನು ನೋಡಿ ನೋಡಿ ತಾವೂ ಹೆಜ್ಜೆ ಇಡಲು ಕಲಿತವರು. ಒಮ್ಮೆ ಅಮೆರಿಕದ ಮಿಲ್ವಾಕಿ ಊರಿನಲ್ಲಿ ಒಬ್ಬ ವಯಸ್ಸಾದ ಹೆಂಗಸನ್ನು ನೋಡಲು ಹೋದರಂತೆ. ದೊಡ್ಡ ಮನೆ, ಗಾಲಿಕುರ್ಚಿ, ಚರ್ಚ್ ಬಿಟ್ಟರೆ ಎಲ್ಲಿಗೂ ಹೋಗುವುದಿಲ್ಲ, ಯಾರ ಜೊತೆಗೂ ಮಾತಿಲ್ಲ. ಮನೆಯೆಲ್ಲ ಮಂಕು. ಒಂದು ಮೂಲೆಯಲ್ಲಿ ಮಾತ್ರ ಆಫ್ರಿಕನ್ ವಯೊಲೆಟ್ ಅನ್ನುವ ಪುಟ್ಟ ಹೂವಿನ ಕುಂಡಗಳು, ಚೆನ್ನಾಗಿ ಸಾಕಿದ್ದು. ಎರಿಕ್‌ಸನ್ ಆಕೆಯ ದುಃಖದ ಬಗ್ಗೆ ಮಾತೇ ಎತ್ತಲಿಲ್ಲ. ಇನ್ನೂ ಜಾಸ್ತಿ ಸಸಿ ಮಾಡಿ, ಚರ್ಚಿನವರ ಮನೆಯಲ್ಲಿ ಮದುವೆ ಆದರೆ, ಮಗು ಹುಟ್ಟಿದರೆ, ಯಾರಾದರೂ ತೀರಿಕೊಂಡರೆ ಒಂದೊಂದು ಕುಂಡ ಕಳಿಸಿ ಅಂದರು. ಆಮೇಲೆ ಆಕೆಗೆ ಬೇಜಾರು ಪಡೋಕೆ ಪುರಸೊತ್ತೇ ಸಿಗಲಿಲ್ಲ. ತೀರಿಕೊಂಡಾಗ ಊರಿನ ಜನ ಸಾಲುಗಟ್ಟಿ ಬಂದರಂತೆ.

ಇಲ್ಲಿ ಆಕೆಯೊಳಗೆ ಏನೋ ಇದೆ ಅಂತ ನಂಬಿದ್ದು ಯಾರು? ಎರಿಕ್‌ಸನ್. ನಂಬಿ ಸುಮ್ನೆ ಕೂರಲಿಲ್ಲ, ಮನೆಯೆಲ್ಲ ಓಡಾಡಿ ಹುಡುಕಿದರು. ಹೂಕುಂಡ ಕಂಡಿದ್ದು ಅದಕ್ಕೆ. ಅದೇ ಮಾತನ್ನು ಸೋಫಾ ಮೇಲೆ ಕೂತು ಹೆಂಡತಿಗೆ ಹೇಳಿದರೆ ಅದು 'ನನ್ನ ತಲೆ ತಿನ್ನಬೇಡ' ಅನ್ನುವುದರ ಮರ್ಯಾದಸ್ಥ ರೂಪ. ಸಾಲದಲ್ಲಿ ಮುಳುಗಿದವರಿಗೆ, ಕೆಲಸ ಕಳೆದುಕೊಂಡವರಿಗೆ ಹೇಳಿದರಂತೂ ಗಾಯಕ್ಕೆ ಉಪ್ಪು.

'ಸೋಲಿಲ್ಲ, ಫೀಡ್‌ಬ್ಯಾಕ್ ಅಷ್ಟೇ' ಅನ್ನುವುದೂ ಹೀಗೇ. ಎದುರಿನವರು ಬದಲಾಗದಿದ್ದರೆ ಅವರನ್ನು ಹಟಮಾರಿ ಅನ್ನಬೇಡ, ನಿನ್ನ ದಾರಿ ಸರಿ ಹೋಗಲಿಲ್ಲ, ಬೇರೆ ದಾರಿ ನೋಡು ಅಂತ ಅದರ ಮೂಲ ಅರ್ಥ. ನಿಮ್ಮ ಯಜಮಾನರು ಒಂದು ಲೋಡ್ ಪೈಪು ತರಿಸಿ, ಅದು ಮಾರಾಟವಾಗದೆ ಗೋಡೌನ್‌ನಲ್ಲಿ ಬಿದ್ದಿದ್ದರೆ ಅದು ನಷ್ಟ. ನಷ್ಟವನ್ನು ನಷ್ಟ ಅಂತ ಖಾತೆಯಲ್ಲಿ ಬರೆದುಕೊಂಡ ಮೇಲೇ ಮುಂದಿನ ಸಲ ಎಷ್ಟು ತರಿಸಬೇಕು ಅಂತ ಗೊತ್ತಾಗೋದು, ಅಲ್ವಾ? ಹೆಸರು ಬದಲಿಸಿದರೆ ಪೈಪೇನೂ ಖರ್ಚಾಗಲ್ಲ.

'ನಿನ್ನ ಮಾತಿನ ಅರ್ಥ ಅಂದರೆ ನಿನಗೆ ಸಿಗುವ ಪ್ರತಿಕ್ರಿಯೆ' ಅಂತಲೂ ಪಟ್ಟಿಯಲ್ಲಿದೆ. ಇದನ್ನು ಅವರಿಗೆ ನೆನಪಿಸಿ. ಎರಡು ತಿಂಗಳಿಂದ ಅವರ ಮಾತಿಗೆ ಸಿಕ್ಕ ಪ್ರತಿಕ್ರಿಯೆ ಏನು? ಮನೆಯವರು ಪತ್ರಿಕೆಗೆ ನಾಲ್ಕು ಪುಟ ಬರೆದರು.

ನನಗೆ ನಿಜವಾಗಿ ಉಪಯೋಗಕ್ಕೆ ಬಂದದ್ದು 'ಪ್ರತಿಯೊಂದು ನಡವಳಿಕೆಯ ಹಿಂದೆಯೂ ಏನೋ ಒಳ್ಳೆಯ ಉದ್ದೇಶ ಇರುತ್ತದೆ' ಅನ್ನುವ ಮಾತು. ಶಿಬಿರದಲ್ಲಿ ಕೇಳಿದಾಗ ಸಿಟ್ಟು ಬಂದಿತ್ತು. ಕುಡಿದು ಬಂದು ಹೊಡೆಯುವವನಿಗೆ ಏನು ಒಳ್ಳೆಯ ಉದ್ದೇಶ ರೀ? ಆ ಸಿಟ್ಟು ಇವತ್ತಿಗೂ ಇದೆ. ಉದ್ದೇಶ ಏನೇ ಇರಲಿ, ಅಂಥ ಕಡೆ ಮೊದಲು ಬಾಗಿಲು ಹಾಕಿಕೊಳ್ಳಬೇಕು, ಆಮೇಲೆ ಪೊಲೀಸರಿಗೆ ಫೋನ್. ಆದರೆ ದಿನದಿನದ ಸಣ್ಣ ಜಗಳಕ್ಕೆ ಇದು ಕೆಲಸ ಮಾಡುತ್ತದೆ. ನಮ್ಮಲ್ಲಿ ಒಬ್ಬ ಹುಡುಗ ಪ್ರೂಫ್ ನೋಡುತ್ತಿದ್ದ. ಪ್ರತಿ ಸಂಚಿಕೆಗೂ ತಡ. ಪ್ರೆಸ್‌ನವರು ಫೋನ್ ಮೇಲೆ ಫೋನ್ ಮಾಡುತ್ತಿದ್ದರು, ಇವನು ಪುಟ ಬಿಡುತ್ತಿರಲಿಲ್ಲ. ಸೋಮಾರಿ ಅಂತಲೇ ತೀರ್ಮಾನಿಸಿ ನಾನು ಬೈದೆ, ಎಲ್ಲರೆದುರೂ ಬೈದೆ. ಇನ್ನೂ ತಡವಾಯಿತು. ಒಂದು ದಿನ ಟೀ ಕುಡಿಯುತ್ತಾ, "ಪುಟ ಕೈಯಲ್ಲೇ ಇಟ್ಟುಕೊಂಡರೆ ನಿನಗೇನಪ್ಪಾ ಸಿಗತ್ತೆ?" ಅಂತ ಕೇಳಿದೆ. ತುಂಬಾ ಹೊತ್ತು ಸುಮ್ಮನಿದ್ದು, "ಬಿಟ್ಟರೆ ತಪ್ಪು ಖಾಯಂ ಆಗತ್ತಲ್ಲಾ ಸಾರ್" ಅಂದ. ಹಿಂದೊಮ್ಮೆ ಶ್ರದ್ಧಾಂಜಲಿಯಲ್ಲಿ ತೀರಿಕೊಂಡವರ ಹೆಸರೇ ತಪ್ಪಾಗಿ ಅಚ್ಚಾಗಿತ್ತು, ಆ ಮನೆಯವರು ಬಂದು ಅತ್ತಿದ್ದರು. ಅವನು ಅದನ್ನು ಮರೆತಿರಲಿಲ್ಲ. ಕೊನೆಯ ಸಲ ಇನ್ನೊಬ್ಬರು ನೋಡಲಿ ಅಂತ ಏರ್ಪಾಡು ಮಾಡಿದೆವು. ಪುಟ ಹೊತ್ತಿಗೆ ಸರಿಯಾಗಿ ಬರತೊಡಗಿತು. ಇಲ್ಲೂ ನೋಡಿ, ಬದಲಾಗಬೇಕಿದ್ದದ್ದು ನನ್ನ ಪ್ರಶ್ನೆ.

ಇನ್ನು ಕಣ್ಣಿನ ವಿಷಯ. ಬಲಗೈ ಬಳಸುವವರು ಏನನ್ನಾದರೂ ಕಲ್ಪಿಸಿಕೊಳ್ಳುವಾಗ ಕಣ್ಣು ಬಲಕ್ಕೆ ಮೇಲೆ, ನೆನಪಿಸಿಕೊಳ್ಳುವಾಗ ಎಡಕ್ಕೆ ಮೇಲೆ ಹೋಗುತ್ತದೆ ಅನ್ನುವುದು ಹಳೆಯ ಎನ್‌ಎಲ್‌ಪಿ ಮಾತು. ಇದನ್ನು ಸುಳ್ಳು ಹಿಡಿಯುವ ಯಂತ್ರ ಮಾಡಿದ್ದು ಆಮೇಲೆ ಬಂದವರು. 2012ರಲ್ಲಿ ಮನಶ್ಶಾಸ್ತ್ರಜ್ಞರಾದ ರಿಚರ್ಡ್ ವೈಸ್‌ಮನ್, ಕ್ಯಾರೊಲಿನ್ ವಾಟ್ ಮತ್ತು ಸಂಗಡಿಗರು ಸುಳ್ಳು ಹೇಳುವವರ, ನಿಜ ಹೇಳುವವರ ವಿಡಿಯೋ ಇಟ್ಟುಕೊಂಡು ಪರೀಕ್ಷೆ ಮಾಡಿದರು. ಕಣ್ಣಿನ ದಿಕ್ಕಿಗೂ ಸುಳ್ಳಿಗೂ ಸಂಬಂಧವೇ ಕಾಣಲಿಲ್ಲ. ನಿಮ್ಮ ಗಡಿಯಾರ ಗೆದ್ದಿತು.

'ಮಾತಿನಲ್ಲಿ ಪದಗಳ ಪಾಲು ಬರೀ 7 ಪರ್ಸೆಂಟ್' ಅಂತಲೂ ಹೇಳಿಕೊಟ್ಟಿರುತ್ತಾರೆ, ನಮಗೂ ಹೇಳಿದ್ದರು. 1967ರಲ್ಲಿ ಆಲ್ಬರ್ಟ್ ಮೆಹ್ರಾಬಿಯನ್ ಮಾಡಿದ ಪ್ರಯೋಗಗಳಿಂದ ಬಂದ ಅಂಕಿ ಅದು. ಇಷ್ಟ-ಅನಿಷ್ಟದ ಭಾವನೆ ಹೇಳುವಾಗ ಮಾತ್ರ ಅನ್ವಯ ಅಂತ ಅವರೇ ಹೇಳಿದ್ದಾರೆ. ನಂಬಿಕೆ ಬರದಿದ್ದರೆ ಯಜಮಾನರಿಗೆ ಒಂದು ಗ್ರಾಹಕರ ಆರ್ಡರ್ ಅನ್ನು ಪದವಿಲ್ಲದೆ ಬರೀ ಹಾವಭಾವದಲ್ಲಿ ಬರೆದುಕೊಳ್ಳಲು ಹೇಳಿ. ಅರ್ಧ ಇಂಚಿನ ಎಲ್ಬೋ ಹೇಗೆ ಕೇಳ್ತಾರೋ ನೋಡೋಣ.

ಪೂರ್ತಿ ಪದ್ಧತಿಯ ಬಗ್ಗೆಯೂ ಪರಿಶೀಲನೆ ಆಗಿದೆ. 1988ರಲ್ಲಿ ಅಮೆರಿಕದ ನ್ಯಾಷನಲ್ ರಿಸರ್ಚ್ ಕೌನ್ಸಿಲ್ ಸಮಿತಿಗೆ ಇದರ ಹೇಳಿಕೆಗಳಿಗೆ ತಕ್ಕ ಆಧಾರ ಸಿಗಲಿಲ್ಲ. 2012ರಲ್ಲಿ ಬ್ರಿಟನ್ನಿನ ಒಂದು ವೈದ್ಯಕೀಯ ಪತ್ರಿಕೆಯಲ್ಲಿ ಬಂದ ವಿಮರ್ಶೆಯೂ, ಇದರಿಂದ ಆರೋಗ್ಯ ಸುಧಾರಿಸುತ್ತದೆ ಅನ್ನಲು ಪುರಾವೆ ತೀರಾ ಕಡಿಮೆ ಅಂದಿತು. ಆದ್ದರಿಂದ ನಿದ್ದೆ ಬರುತ್ತಿಲ್ಲ, ಭಯ ಬಿಡುತ್ತಿಲ್ಲ, ಊಟ ಸೇರುತ್ತಿಲ್ಲ ಅನ್ನುವಂಥ ತೊಂದರೆ ನಿಮಗಾಗಲಿ ಅವರಿಗಾಗಲಿ ಇದ್ದರೆ ಶಿಬಿರ ಬೇಡ, ವೈದ್ಯರ ಹತ್ತಿರ ಹೋಗಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416, ಪುಕ್ಕಟೆ, ಕನ್ನಡದಲ್ಲೂ ಮಾತಾಡುತ್ತಾರೆ.

ಹಾಗಿದ್ದರೆ ಉಳಿದದ್ದೇನು? ಪ್ರಶ್ನೆ ಕೇಳುವ ರೀತಿ. ಗ್ರಿಂಡರ್ ಭಾಷೆಯ ಮೇಷ್ಟ್ರಾಗಿದ್ದರಿಂದ, ನಾವು ಮಾತಾಡುವಾಗ ಏನನ್ನು ನುಂಗುತ್ತೇವೆ, ಒಂದನ್ನು ಹೇಗೆ ಎಲ್ಲಕ್ಕೂ ಹಬ್ಬಿಸುತ್ತೇವೆ ಅನ್ನುವುದನ್ನು ಚೆನ್ನಾಗಿ ಗುರುತಿಸಿದರು. ನಮ್ಮ ಕನ್ನಡದಲ್ಲಂತೂ ನುಂಗುವುದು ಸಲೀಸು. "ಏನೇನೋ ಅಂತಾರೆ" ಅಂದುಬಿಡುತ್ತೇವೆ. ಯಾರು ಅಂತಾರೆ? ಕೂತು ಎಣಿಸಿದರೆ ಒಬ್ಬ ಅತ್ತಿಗೆ, ಒಬ್ಬರು ಪಕ್ಕದ ಮನೆಯವರು. "ನನ್ನ ಕೈಲಿ ಆಗಲ್ಲ" ಅಂದಾಗ "ಯಾಕಾಗಲ್ಲ" ಅಂದರೆ ಜಗಳ, "ಏನು ಅಡ್ಡ ಬರ್ತಿದೆ" ಅಂದರೆ ಮಾತು ಮುಂದುವರಿಯುತ್ತದೆ. "ಅವರು ಯಾವಾಗಲೂ ಹೀಗೇ" ಅಂತ ನಿಮ್ಮ ಪತ್ರದಲ್ಲೂ ಮೂರು ಸಲ ಬಂದಿದೆ ಮೇಡಂ. ಯಾವಾಗಲೂನಾ?

ಯಾಕೆ ಕೇಳಿದೆ ಅಂದರೆ, ಕೊನೆಯ ಪುಟದ ಅಂಚಿನಲ್ಲಿ ಚಿಕ್ಕ ಅಕ್ಷರದಲ್ಲಿ ನೀವೇ ಬರೆದಿದ್ದೀರಿ: "ಮಗನ ಮೇಲೆ ಕೂಗಾಡೋದು ಮಾತ್ರ ಕಡಿಮೆ ಮಾಡಿದ್ದಾರೆ." ಇದು ಸಣ್ಣದಲ್ಲ. ಶಿಬಿರದಿಂದ ಆಯಿತೋ, ಮೂರು ದಿನ ಅಂಗಡಿ ಬಿಟ್ಟು ಕೂತು ಯೋಚಿಸಿದ್ದರಿಂದ ಆಯಿತೋ, ಅಂತೂ ಆಯಿತು. ಅದು ಕಣ್ಣಿಗೆ ಬಿದ್ದಿದೆ ಅಂತ ಅವರಿಗೆ ಹೇಳಿದ್ದೀರಾ? ಇಲ್ಲದಿದ್ದರೆ 85 ಸಾವಿರದ ಮಾತಿಗಿಂತ ಮೊದಲು ಅದನ್ನು ಹೇಳಿ.

ದುಡ್ಡಿನ ವಿಷಯ ಕೇಳಿದ್ದೀರಿ, ನೇರವಾಗಿ ಹೇಳುತ್ತೇನೆ: ಕಟ್ಟಬೇಡಿ. ಮೊದಲ ಹಂತದಲ್ಲಿ ಕಲಿತದ್ದರಲ್ಲಿ ಉಪಯೋಗಕ್ಕೆ ಬರುವುದನ್ನು ಆರು ತಿಂಗಳು ಬಳಸಿ ನೋಡಲಿ, ಆದರೆ ಪಟ್ಟಿಯ ಮಾತುಗಳನ್ನು ತಮಗೆ ಮಾತ್ರ ಹೇಳಿಕೊಳ್ಳಲಿ. ರಿಯಾಯಿತಿ ತಪ್ಪಿ ಹೋಗುತ್ತದೆ ಅಂತ ಅವರು ಚಡಪಡಿಸಬಹುದು. 15ನೇ ತಾರೀಕು ಸುಮ್ನೆ ದಾಟಲು ಬಿಡಿ. 16ಕ್ಕೆ ಶಿಬಿರದವರೇ ಫೋನ್ ಮಾಡಿ "ನಿಮಗೋಸ್ಕರ ಇನ್ನೊಂದು ವಾರ ವಿಸ್ತರಿಸಿದ್ದೇವೆ ಸರ್" ಅನ್ನದಿದ್ದರೆ ನನಗೊಂದು ಕಾರ್ಡ್ ಹಾಕಿ.

- ಸಂಪಾದಕ